ಮುನಿರತ್ನಳ ಮೂರು ಟ್ಯೂಬು ರಕ್ತ

ಹೊಸದಾಗಿ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಕೋಲಾರದ ನನ್ನ ಮನೆಗೆ ಬರುತ್ತಾರೆ. ಬಡ್ತಿ ಯಾವಾಗ ಸಿಕ್ಕಿತು, ಪಿಂಚಣಿ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ಅದನ್ನು ಹೇಳಲು ಹೊರಟರೆ ಅವರಿಗಿಂತ ಮೊದಲು ನನಗೇ ಆಕಳಿಕೆ ಬರುತ್ತದೆ. ಹಾಗಾಗಿ ಮುನಿರತ್ನಳ ವಿಷಯ ಹೇಳುತ್ತೇನೆ. ಅದನ್ನು ಹೇಳುವಾಗ ನನಗೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲ, ಎದ್ದು ನಿಂತೇ ಹೇಳುತ್ತೇನೆ. ಈಗ ಬರೆಯಬೇಕಾಗಿ ಬಂದು ಕೂತಿದ್ದೇನೆ, ಕಾಲು ಮಾತ್ರ ಸುಮ್ಮನಿಲ್ಲ. ಅವಳ ಹೆಸರನ್ನೂ ಅವಳ ಗಂಡನ ಹೆಸರನ್ನೂ ಬದಲಾಯಿಸಿದ್ದೇನೆ. ರಕ್ತ ಯಾರದೆಂದು ಹೊರಗೆ ಬಾಯಿ ಬಿಡದಿರುವುದು ನಮ್ಮ ಕೆಲಸದ ಮೊದಲ ಪಾಠ. ಸೂಜಿ ಚುಚ್ಚುವುದು ಆಮೇಲಿನದು.

ನಾನು ವೇಮಗಲ್ ಕಡೆಯ ಹಳ್ಳಿಯವಳು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಹೊಟ್ಟೆಗೆ ರಾಗಿ, ಇಷ್ಟು ನಮ್ಮ ಮನೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯಳು ನಾನೇ. ಇದನ್ನು ದನಿ ತಗ್ಗಿಸಿ ಹೇಳುವ ಅಭ್ಯಾಸ ನನಗಿಲ್ಲ. ಬೆಳಗ್ಗೆ ಹುಳಕ್ಕೆ ಸೊಪ್ಪು ಹೆಚ್ಚಿ ಹಾಕಿ, ಕೈಯ ಹಸಿರು ಕಲೆ ಹೋಗುವ ಮೊದಲೇ ಬಸ್ಸು ಹತ್ತಿ, ನಿಂತುಕೊಂಡೇ ಕೋಲಾರ ತಲುಪಿ ಬಿ.ಎಸ್ಸಿ. ಮಾಡಿದೆ. ಆಮೇಲೆ ಲ್ಯಾಬ್ ಕೋರ್ಸು. ಆಸ್ಪತ್ರೆಯಲ್ಲಿ ನನ್ನನ್ನು ಎಚ್‌ಐವಿ ಪರೀಕ್ಷೆಯ ಕೋಣೆಗೆ ಹಾಕಿದ ಸುದ್ದಿ ಊರಿಗೆ ಮುಟ್ಟಿದ ದಿನ ಅತ್ತಿಗೆ ಬಾಗಿಲಲ್ಲೇ ನಿಂತಳು.

"ಬೇರೆ ಕೆಲಸಾನೇ ಸಿಗ್ಲಿಲ್ವಾ ವಿಮಲಾ ನಿಂಗೆ? ಕೈ ತೊಳ್ಕೊಂಡು ಒಳಗೆ ಬಾ."

"ನನ್ನಷ್ಟು ಚೆನ್ನಾಗಿ ಕೈ ತೊಳೆಯೋರು ಈ ಊರಲ್ಲೇ ಇಲ್ಲ ಕಣತ್ತಿಗೆ. ಬಾ, ನಿಂಗೂ ಹೇಳ್ಕೊಡ್ತೀನಿ" ಎಂದೆ. ನಿಜಕ್ಕೂ ಹೇಳಿಕೊಟ್ಟೆ. ಬೆರಳ ಸಂದು, ಉಗುರಿನ ಕೆಳಗೆ, ಮಣಿಕಟ್ಟು. ಇವತ್ತಿಗೂ ಅವಳು ಹಾಗೆಯೇ ತೊಳೆಯುತ್ತಾಳೆ.

ಆಗ ಪರೀಕ್ಷೆಯೆಂದರೆ ಒಂದು ತಟ್ಟೆಯ ತುಂಬ ಮಾದರಿ ಸೇರುವವರೆಗೆ ಕಾಯಬೇಕು, ಹನಿ ಹನಿಯಾಗಿ ದ್ರಾವಣ ಹಾಕಬೇಕು, ತೊಳೆಯಬೇಕು, ಮತ್ತೆ ಹಾಕಬೇಕು. ಜನ ಒಂದು ವಾರ ಬಿಟ್ಟು ಫಲಿತಾಂಶಕ್ಕೆ ಬರುತ್ತಿದ್ದರು. ಅರ್ಧ ಜನ ಹೆದರಿ ಬರುತ್ತಲೇ ಇರಲಿಲ್ಲ. ಆಮೇಲೆ ಬೆರಳಗಲದ ಕಾರ್ಡು ಬಂತು. ಒಂದು ಹನಿ ರಕ್ತ, ಎರಡು ಹನಿ ದ್ರಾವಣ, ಅಷ್ಟೇ. ಒಂದೇ ಗೆರೆ ಮೂಡಿದರೆ ಸೋಂಕಿಲ್ಲ. ಎರಡು ಮೂಡಿದರೆ ಬೇರೆ ಕಾರ್ಡುಗಳಲ್ಲಿ ಮತ್ತೆ ನೋಡಬೇಕು. ಆ ಕಾರ್ಡನ್ನು ಮೊದಲ ಸಲ ನೋಡಿದಾಗ ನಾನು ಅದನ್ನು ಕಣ್ಣಿಗೆ ಒತ್ತಿಕೊಂಡಿದ್ದೆ. ನನ್ನ ಮೇಲಿನ ವೈದ್ಯಾಧಿಕಾರಿ ಡಾ. ಇನಾಯತ್, "ಪೂಜೆ ಆಮೇಲೆ ಮಾಡಿ ವಿಮಲಮ್ಮಾ, ಮೊದಲು ಎಕ್ಸ್‌ಪೈರಿ ನೋಡಿ" ಎಂದರು.

ಡಾ. ಇನಾಯತ್ ಹಾಗೆಯೇ. ಕೋಲಾರದ ಕ್ಲಾಕ್ ಟವರಿನ ಹತ್ತಿರ ಹುಟ್ಟಿ ಬೆಳೆದವರು, ನಗು ಅಪರೂಪ. ಎಂಥ ಫಲಿತಾಂಶ ಕೊಟ್ಟರೂ ಕನ್ನಡಕದ ಮೇಲಿಂದ ನೋಡಿ "ಇನ್ನೊಂದ್ಸಲ" ಎನ್ನುವರು. ಆ ಒಂದು ಪದವನ್ನು ನಾನು ಎಷ್ಟು ಸಲ ಶಪಿಸಿದ್ದೇನೋ, ಅಷ್ಟೇ ಸಲ ಅದು ನನ್ನನ್ನು ಉಳಿಸಿದೆ.

ಮುಳಬಾಗಿಲು ಹೆದ್ದಾರಿಯಲ್ಲಿ ಲಾರಿ ಚಾಲಕರಿಗೆ ಕ್ಯಾಂಪು ಮಾಡುತ್ತಿದ್ದೆವು. ಮಾಲೂರಿನಿಂದ ಹೆಂಚು ಸಾಗಿಸುವ ಒಬ್ಬ ಡ್ರೈವರು ಪ್ರತಿ ಕ್ಯಾಂಪಿಗೂ ಬರುವನು, ಪ್ರತಿ ಸಲವೂ ಒಂದೇ ಗೆರೆ. ಒಂದು ದಿನ ಎದೆ ಉಬ್ಬಿಸಿ, "ನನ್ ಬ್ಲಡ್ಡೇ ಬೇರೆ ಸಾರ್. ಬೇವಿನ ರಸ ಕುಡೀತೀನಿ. ನಂಗೆ ಯಾವ್ ಕಾಯ್ಲೆನೂ ಹತ್ತಲ್ಲ" ಎಂದ. ಡಾ. ಇನಾಯತ್ ಅವನನ್ನು ಹತ್ತಿರ ಕೂರಿಸಿಕೊಂಡರು. "ನೋಡಪ್ಪಾ, ಈ ವೈರಸ್ಸು ನಮ್ಮ ರಕ್ತದ ಕಣದೊಳಕ್ಕೆ ಹೋಗೋಕೆ ಒಂದು ಬಾಗಿಲಿದೆ. ಹುಟ್ತಾನೇ ಆ ಬಾಗಿಲಿಲ್ಲದ ಜನ ಪ್ರಪಂಚದಲ್ಲಿದಾರೆ, ನಿಜ. ನಮ್ಮ ಕಡೆ ತೀರಾ ಅಪರೂಪ. ನಿಂಗೆ ಬಾಗಿಲೂ ಇದೆ, ಕಿಟಕೀನೂ ಇದೆ. ನಿಂದು ಶಕ್ತಿ ಅಲ್ಲ, ಅದೃಷ್ಟ. ತಗೋ ಕಾಂಡೋಮು, ಜೇಬಿಗಿಟ್ಕೋ." ಸುತ್ತ ನಿಂತಿದ್ದ ಡ್ರೈವರುಗಳೆಲ್ಲ ಹೋ ಎಂದು ನಕ್ಕು ಒಂದೊಂದು ಪ್ಯಾಕೆಟ್ಟು ತೆಗೆದುಕೊಂಡರು. ನಿಜವಾದ ಶಕ್ತಿ ಹೇಗಿರುತ್ತದೆಂದು ಆಗ ನಾನೂ ಕಂಡಿರಲಿಲ್ಲ.

ಕಂಡದ್ದು ಮುನಿರತ್ನಳಲ್ಲಿ. ರಾಯಲ್ಪಾಡು ಕಡೆಯವಳು, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಕೆಲಸ. ಗಂಡ ವೆಂಕಟೇಶ ಟೆಂಪೋ ಓಡಿಸುವನು, ಮಾವಿನ ಕಾಲದಲ್ಲಿ ಮಾವು, ಉಳಿದಂತೆ ಟೊಮೆಟೊ. ಅವರ ಮೊದಲ ಮಗು ಕೆಲವೇ ತಿಂಗಳಲ್ಲಿ ತೀರಿಹೋಗಿತ್ತು. ಯಾಕೆಂದು ಆಗ ಯಾರೂ ಪರೀಕ್ಷೆ ಮಾಡಿರಲಿಲ್ಲ. ಆಮೇಲೆ ವೆಂಕಟೇಶನಿಗೆ ಜ್ವರ ಬಿಡದೆ ನಮ್ಮಲ್ಲಿಗೆ ಬಂದಾಗ ಇಬ್ಬರಿಗೂ ಎರಡೆರಡು ಗೆರೆ ಮೂಡಿತು.

ಆಗಿನ ನಿಯಮದಲ್ಲಿ ಸೋಂಕಿದ್ದವರಿಗೆಲ್ಲ ಮಾತ್ರೆ ಕೊಡುತ್ತಿರಲಿಲ್ಲ. ರಕ್ತದಲ್ಲಿ ಸಿಡಿ4 ಎಂಬ ಕಾವಲು ಕಣಗಳನ್ನು ಎಣಿಸಿ, ಅವು ಇಂತಿಷ್ಟಕ್ಕಿಂತ ಕೆಳಗಿಳಿದರೆ ಮಾತ್ರೆ ಶುರು. ವೆಂಕಟೇಶನದು ಪಾತಾಳದಲ್ಲಿತ್ತು. ಮುನಿರತ್ನಳದನ್ನು ನೋಡಿ ನಾನು ಯಂತ್ರ ಕೆಟ್ಟಿದೆ ಎಂದುಕೊಂಡೆ. ಪರೀಕ್ಷಿಸಲು ನನ್ನದೇ ರಕ್ತ ಹಾಕಿ ನೋಡಿದೆ. ಯಂತ್ರ ಸರಿಯಾಗಿತ್ತು. ಅವಳ ಕಾವಲು ಕಣಗಳು ನನ್ನವಕ್ಕಿಂತ ಜಾಸ್ತಿ ಇದ್ದವು!

"ಇನ್ನೊಂದ್ಸಲ" ಎಂದರು ಡಾ. ಇನಾಯತ್.

ಆರಾರು ತಿಂಗಳಿಗೊಮ್ಮೆ ಮಾಡಿದೆ. ವರ್ಷಗಳು ಕಳೆದವು. ಅಂಕಿ ಕೆಳಗಿಳಿಯಲೇ ಇಲ್ಲ. ಕೊನೆಗೆ ವೈರಸ್ಸನ್ನೇ ಎಣಿಸೋಣ ಎಂದು ಅವಳ ರಕ್ತ ಬೆಂಗಳೂರಿಗೆ ಕಳಿಸಿದೆವು. ಉತ್ತರ ಬಂತು: ಪತ್ತೆಯಾಗಿಲ್ಲ. ಇನ್ನೊಂದ್ಸಲ. ಪತ್ತೆಯಾಗಿಲ್ಲ. ಒಂದು ಮಾತ್ರೆಯನ್ನೂ ನುಂಗದ ಹೆಂಗಸಿನ ದೇಹ ತನ್ನಷ್ಟಕ್ಕೆ ತಾನೇ ವೈರಸ್ಸಿನ ಕುತ್ತಿಗೆ ಹಿಡಿದು ಕೂರಿಸಿಬಿಟ್ಟಿತ್ತು. ಸೋಂಕು ಹೋಗಿಲ್ಲ, ಕಣಗಳ ಒಳಗೆಲ್ಲೋ ಅಡಗಿದೆ, ಆದರೆ ಅವಳ ದೇಹ ಅದನ್ನು ತಲೆ ಎತ್ತಲು ಬಿಡುತ್ತಿಲ್ಲ. ಇಂಥವರು ನೂರು ಜನ ಸೋಂಕಿತರಲ್ಲಿ ಒಬ್ಬರು ಸಿಕ್ಕರೂ ಹೆಚ್ಚು. ಡಾ. ಇನಾಯತ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಸಿಕ್ಬಿಟ್ಲು ರೀ ವಿಮಲಮ್ಮಾ! ನಮ್ಮ ಜಿಲ್ಲೇಲೇ ಒಬ್ಬಳು ಸಿಕ್ಬಿಟ್ಲು!" ಇಡೀ ವಿಭಾಗಕ್ಕೆ ಟೀ, ಖಾರಾ ಬಿಸ್ಕತ್ತು ತರಿಸಿದರು. ಯಾಕೆಂದು ಯಾರಿಗೂ ಹೇಳುವಂತಿರಲಿಲ್ಲ. ಜವಾನ ಮಾತ್ರ, ಸಾಹೇಬರಿಗೆ ವರ್ಗಾವಣೆ ಆಗಿರಬೇಕು ಎಂದುಕೊಂಡ.

ಮುನಿರತ್ನಳಿಗೆ ಹೇಳಿದಾಗ ವೆಂಕಟೇಶ ಗೊಣಗಿದ. "ಏನ್ ನ್ಯಾಯ ಅಕ್ಕಾ ಇದು? ನಾನು ದಿನಾ ಮಾತ್ರೆ ನುಂಗ್ಬೇಕು, ಇವ್ಳು ಸುಮ್ನೆ ಮಾವಿನಹಣ್ಣು ತಿನ್ಕೊಂಡು ಕೂರೋದಾ?"

"ಊರ್ಕೋವಯ್ಯಾ" ಎಂದು ಮುನಿರತ್ನ ತೆಲುಗಿನಲ್ಲೇ ಅವನ ಬಾಯಿ ಮುಚ್ಚಿಸಿದಳು. "ನೀನು ಮಾತ್ರೆ ನುಂಗು, ನಾನು ನಿನ್ನೇ ನುಂಗ್ತೀನಿ."

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಲಸಿಕೆಗಾಗಿ ಕೆಲಸ ಮಾಡುತ್ತಿದ್ದ ಡಾ. ಮೇಘನಾ ಎಂಬ ವಿಜ್ಞಾನಿಗೆ ಡಾ. ಇನಾಯತ್ ಅವರು ಮುನಿರತ್ನಳ ಹೆಸರು ಹೇಳದೆ ವಿಷಯ ತಿಳಿಸಿದರು. ಲಸಿಕೆಯೆಂದರೆ ಇನ್ನೇನು? ಮುನಿರತ್ನಳ ದೇಹಕ್ಕೆ ತಾನಾಗಿ ಬರುವ ವಿದ್ಯೆಯನ್ನು ಉಳಿದವರ ದೇಹಕ್ಕೆ ಮುಂಚೆಯೇ ಕಲಿಸಿಡುವುದು. ಅದಕ್ಕೆ ಆ ವಿದ್ಯೆ ಯಾವುದೆಂದು ಮೊದಲು ಗೊತ್ತಾಗಬೇಕು. ಮೇಘನಾ ಫೋನಿನಲ್ಲೇ ಕಿರುಚಿದ್ದು ನನಗೆ ಪಕ್ಕದ ಕೋಣೆಗೆ ಕೇಳಿಸಿತು.

ಮುಂದಿನ ತಿಂಗಳು ರಕ್ತ ಕೊಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಒಂದು ಬೆಳಗ್ಗೆ ಮುನಿರತ್ನ ಬಂದು ನನ್ನ ಕಿವಿಯಲ್ಲಿ, "ಅಕ್ಕಾ, ಈ ತಿಂಗಳು ಮುಟ್ಟಾಗಿಲ್ಲ" ಎಂದಳು. ಪರೀಕ್ಷೆ ಮಾಡಿದೆ. ಬಸುರಿ!

ಇಲ್ಲಿಂದ ಕೆಲಸ ಬಿಗಿಯಾಯಿತು. ಬಸುರಿಯಾದರೆ ಕಾವಲು ಕಣ ಎಷ್ಟೇ ಇರಲಿ, ಮಾತ್ರೆ ಕೊಡಲೇಬೇಕು. ತಾಯಿಯಿಂದ ಮಗುವಿಗೆ ಸೋಂಕು ದಾಟದಿರಲು ಅದೇ ದಾರಿ. ಆದರೆ ಮಾತ್ರೆ ಒಳಗೆ ಹೋದ ಮೇಲೆ ವೈರಸ್ಸನ್ನು ಹಿಡಿದಿಟ್ಟಿರುವುದು ಅವಳ ದೇಹವೋ ಮಾತ್ರೆಯೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಮೇಘನಾಗೆ ಬೇಕಿದ್ದದ್ದು ಮಾತ್ರೆ ಮುಟ್ಟದ ರಕ್ತ. ಡಾ. ಇನಾಯತ್ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: "ಮಾತ್ರೆ ಇವತ್ತೇ ಶುರು. ನಾಳೆ ಅನ್ನೋ ಮಾತಿಲ್ಲ. ಬೇಕಾದ್ರೆ ಈಗಲೇ ಹೊರಟು ಬನ್ನಿ." ಅವಳು ಆಗಲೇ ಕಾರಿನ ಕೀಲಿ ಹಿಡಿದಿದ್ದಳಂತೆ.

ಈ ಕಡೆ ಮುನಿರತ್ನ ಮಾತ್ರೆಯೇ ಬೇಡ ಎಂದು ಕೂತಳು.

"ಇಷ್ಟು ವರ್ಷ ನಾನೇ ಅದನ್ನ ಅದುಮಿಟ್ಟಿದೀನಿ. ನೀವೇ ಅಲ್ವಾ ಹೇಳಿದ್ದು, ನಂಗೆ ಶಕ್ತಿ ಇದೆ ಅಂತ? ಮಾತ್ರೆ ನುಂಗಿದ್ರೆ ಆ ಶಕ್ತಿ ಸೋಮಾರಿಯಾಗ್ಬಿಡುತ್ತೆ. ನನ್ ಮಗೂಗೆ ನನ್ ಶಕ್ತಿನೇ ಬರ್ಲಿ. ಒಂದು ಮಗು ಕಳ್ಕೊಂಡಿದೀನಿ ಅಕ್ಕಾ. ಇದನ್ನ ಕಳ್ಕೊಳ್ಳಲ್ಲ."

ವೆಂಕಟೇಶ ಬೇಡಿಕೊಂಡ. ಡಾ. ಇನಾಯತ್ ಚಿತ್ರ ಬರೆದು ತೋರಿಸಿದರು. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ನನಗೆ ಹೊಳೆದದ್ದು ನಮ್ಮಪ್ಪ ಮಾಡಿಕೊಂಡ ಎಡವಟ್ಟು.

"ಕೇಳು ಇಲ್ಲಿ. ನಾನು ಚಿಕ್ಕೋಳಿದ್ದಾಗ ನಮ್ಮನೆ ರೇಷ್ಮೆ ಹುಳಕ್ಕೆ ಗಂಟುರೋಗ ಬಂತು. ತಟ್ಟೆ ತಟ್ಟೆ ಹುಳ ಸತ್ತವು. ಒಂದಿಷ್ಟು ಮಾತ್ರ ಏನೂ ಆಗ್ದೇ ಇರೋ ಹಂಗೆ ದಪ್ಪ ಗೂಡು ಕಟ್ಟಿದ್ವು. ನಮ್ಮಪ್ಪಂಗೆ ಖುಷಿಯೋ ಖುಷಿ. ರೋಗ ಗೆದ್ದ ಹುಳ ಇವು, ಇವುಗಳ ಮೊಟ್ಟೆನೇ ಬಿತ್ತನೆಗೆ ಇಡೋಣ ಅಂತ ಸರ್ಕಾರಿ ಬಿತ್ತನೆ ತರೋದೇ ಬಿಟ್ಟ. ಊರವರಿಗೂ ಹಂಚೋಕೆ ಹೊರಟಿದ್ದ."

"ಆಮೇಲೆ?"

"ಮೊಟ್ಟೆ ಒಡೆದು ಬಂದ ಮರಿಯೆಲ್ಲ ರೋಗ ಹೊತ್ಕೊಂಡೇ ಬಂತು. ಒಂದೂ ಗೂಡು ಕಟ್ಲಿಲ್ಲ. ನಮ್ಮಪ್ಪ ಮೊಟ್ಟೆಯಿಟ್ಟು ಸತ್ತು ಒಣಗಿದ್ದ ಒಂದು ತಾಯಿ ಚಿಟ್ಟೇನ ಎತ್ಕೊಂಡು, ಮೊಟ್ಟೆ ಪರೀಕ್ಷೆ ಮಾಡೋ ಸರ್ಕಾರಿ ಬಿತ್ತನೆ ಕೋಠಿಗೆ ಹೋದ, ನಾನೂ ಹಿಂದೆ ಹೋದೆ. ಅಲ್ಲೊಬ್ಬರು ಚಿಟ್ಟೇನ ಅರೆದು, ಗಾಜಿನ ಮೇಲೆ ಹಚ್ಚಿ, ಮೈಕ್ರೋಸ್ಕೋಪಲ್ಲಿ ನಂಗೂ ತೋರಿಸಿದ್ರು. ಅಕ್ಕಿಕಾಳಿನ ಥರ ರೋಗ ಫಳಫಳ ಅಂತಿತ್ತು. ತಾಯಿ ಗಟ್ಟಿಯಾಗಿತ್ತು, ಗೂಡೂ ಕಟ್ಟಿತ್ತು. ಆದ್ರೆ ರೋಗ ಮೊಟ್ಟೆಗೆ ದಾಟಿತ್ತು. ತಾಯಿ ಶಕ್ತಿ ತಾಯಿದು ಕಣಮ್ಮಾ. ಮರಿಗೆ ಅದು ಬಂದೇ ಬರುತ್ತೆ ಅಂತ ಯಾರೂ ಬರ್ಕೊಡಲ್ಲ."

ಮುನಿರತ್ನಳ ಅಮ್ಮನ ಮನೆಯಲ್ಲೂ ಹುಳ ಸಾಕಿದ್ದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, "ತನ್ನಿ ನಿಮ್ ಮಾತ್ರೆ" ಎಂದಳು. "ಆದ್ರೆ ಮೊದ್ಲು ಆ ಬೆಂಗಳೂರು ಮೇಡಂ ಬರ್ಲಿ. ರಕ್ತ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ."

ಮೇಘನಾ ಬಂದದ್ದು ಬಿಸಿಲೇರುವ ಹೊತ್ತಿಗೆ. ಜೀನ್ಸು, ಕೆದರಿದ ಕೂದಲು, ನಮ್ಮ ಮಕ್ಕಳ ವಯಸ್ಸು. ಒಪ್ಪಿಗೆಯ ವಿವರವನ್ನೆಲ್ಲ ಓದಿ ಹೇಳಿ, ಬೇಡವೆಂದರೂ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ ಎಂದು ವಿವರಿಸಿ, ಎಂಟು ಟ್ಯೂಬು ರಕ್ತ ಕೇಳಿದಳು.

"ಎಂಟಾ!" ಮುನಿರತ್ನ ಎದ್ದೇಬಿಟ್ಟಳು. "ಏಯ್, ನಿನ್ ಟವಲ್ ಕೊಡಿಲ್ಲಿ" ಎಂದು ಗಂಡನ ಹೆಗಲಿಂದ ಎಳೆದುಕೊಂಡಳು. "ಮೇಡಂ, ನಮ್ ಮಂಡೀಲಿ ವ್ಯಾಪಾರ ಬಾಯಲ್ಲಿ ಮಾಡಲ್ಲ. ಕೈ ಕೊಡಿ ಟವಲ್ ಕೆಳಗೆ. ಎಷ್ಟು ಬೆರಳು ಹಿಡೀತೀವೋ ಅಷ್ಟು."

ಮಂಡಿಯಲ್ಲಿ ಈ ವ್ಯಾಪಾರ ಗಂಡಸರದು. ಇವಳು ಹಣ್ಣು ವಿಂಗಡಿಸುತ್ತ ನೋಡಿಯೇ ಕಲಿತಿದ್ದಳು. ಟವಲಿನ ಕೆಳಗೆ ಎರಡು ಕೈ ಏನೋ ಗುದ್ದಾಡಿದವು. ಮೇಘನಾ ಮೊದಲು ಗಂಭೀರವಾಗಿದ್ದಳು, ಆಮೇಲೆ "ಅಯ್ಯೋ, ಇದು ಎರಡಾ? ಎರಡು ಸಾಕಾಗಲ್ಲ ಅಕ್ಕಾ!" ಎಂದು ಕಿಲಕಿಲ ಶುರುಮಾಡಿದಳು. ವೆಂಕಟೇಶ "ಬಾಯಲ್ಲಿ ಹೇಳ್ಬಾರ್ದು ಮೇಡಂ, ರೂಲ್ಸು!" ಎಂದು ಗದರಿದ. ಬಸುರಿಯ ರಕ್ತ ಹೆಚ್ಚು ಹೋಗಬಾರದೆಂದು ಕಾವಲು ನಿಂತಿದ್ದ ಡಾ. ಇನಾಯತ್ ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಕುಣಿಯುತ್ತಿತ್ತು.

ಟವಲು ತೆಗೆದಾಗ ಮೂರಕ್ಕೆ ಮುಗಿದಿತ್ತು. ಇಬ್ಬರೂ ತಾವೇ ಗೆದ್ದೆವೆಂಬ ಮುಖದಲ್ಲಿದ್ದರು. ನಾನು ರಕ್ತ ತೆಗೆದೆ. ಮುನಿರತ್ನ ಮಾತ್ರೆ ನುಂಗಿ, "ಥೂ, ಬೇವು ಅಗಿದಂಗಿದೆ" ಎಂದು ಮುಖ ಕಿವುಚಿದಳು. ವೆಂಕಟೇಶನಿಗೆ ಆ ದಿನ ಸಿಕ್ಕಷ್ಟು ಸಮಾಧಾನ ಇನ್ಯಾವತ್ತೂ ಸಿಕ್ಕಿರಲಾರದು.

ಈಗ ಕೇಳಿ, ಕೋಲಾರದವರಿಗಷ್ಟೇ ಆಗಬಹುದಾದ ಪ್ರಮಾದ. "ಐಸ್ ಬೇಡ, ಕಣಗಳು ಜೀವಂತ ಇರ್ಬೇಕು. ಕುಲುಕಾಡ್ಲೂಬಾರ್ದು. ಸಂಜೆಯೊಳಗೆ ಲ್ಯಾಬ್ ಸೇರ್ಬೇಕು" ಎಂದಿದ್ದಳು ಮೇಘನಾ. ನಿಯಮದಂತೆ ಟ್ಯೂಬುಗಳನ್ನು ಸುತ್ತಿ, ಗಟ್ಟಿ ಡಬ್ಬಿಗೆ ಹಾಕಿ ಮುಚ್ಚಿದೆ. ಹೊರಗಿನ ಪೆಟ್ಟಿಗೆಯನ್ನು ಎಲ್ಲಿ ಹುಡುಕಲಿ? ಮಾವಿನ ಕಾಲದಲ್ಲಿ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳಿಗಿಂತ ಮಾವಿನ ಪೆಟ್ಟಿಗೆಗಳೇ ಜಾಸ್ತಿ. ಒಂದು ಖಾಲಿ ಪೆಟ್ಟಿಗೆ, ಒಳಗೆ ಮೆತ್ತಗೆ ಒಣಹುಲ್ಲು, ಮಧ್ಯೆ ಡಬ್ಬಿ. ಕುಲುಕಾಡುವ ಮಾತೇ ಇಲ್ಲ. ಮೇಘನಾ ಭಲೇ ಎಂದಳು. ಅದೇ ಹೊತ್ತಿಗೆ ಮುನಿರತ್ನ ಯಾರಿಗೂ ಹೇಳದೆ, ಅವಳಿಗೆಂದು ಒಂದು ಪೆಟ್ಟಿಗೆ ಬಾದಾಮಿ ಮಾವಿನಹಣ್ಣು ತರಿಸಿ ಪಕ್ಕದಲ್ಲಿಟ್ಟಿದ್ದಳು.

ಅವರೆಲ್ಲ ಹೋಗಿ ನಾನು ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಫೋನು. "ವಿಮಲಾ ಮೇಡಂ! ಟೀ ಕುಡಿಯೋಕೆ ನಿಂತು ನೋಡಿದ್ರೆ ಬಾಕ್ಸಲ್ಲಿ ಮಾವಿನಹಣ್ಣಿದೆ!" ಹಾಗಾದರೆ ರಕ್ತ? ಬಾಗಿಲ ಬಳಿಯಿದ್ದ ಪೆಟ್ಟಿಗೆಯನ್ನು ತನ್ನದೇ ಎಂದುಕೊಂಡು ವೆಂಕಟೇಶ ಟೆಂಪೋಗೆ ಹಾಕಿಕೊಂಡು ಹೋಗಿದ್ದ. ಫೋನು ಮಾಡಿದರೆ ಎತ್ತುತ್ತಿಲ್ಲ. ಮೇಘನಾ ಕಾರು ತಿರುಗಿಸಿ ಬಂದಳು, ನಾನು ಊಟ ಬಿಟ್ಟು ಹತ್ತಿದೆ. ಶ್ರೀನಿವಾಸಪುರದ ರಸ್ತೆಯಲ್ಲಿ ಮುಂದೆ ಹೋಗುವ ಒಂದೊಂದು ಟೆಂಪೋವನ್ನೂ ಇಣುಕಿ ನೋಡುತ್ತ ಇಬ್ಬರೂ ಅಳುವ ಬದಲು ನಗುತ್ತಿದ್ದೆವು. ಹೆದರಿಕೆ ಹೆಚ್ಚಾದರೆ ನನಗೆ ನಗು ಬರುತ್ತದೆ. ಅವಳಿಗೂ ಹಾಗೆಯೇ ಎಂದು ಅಂದು ಗೊತ್ತಾಯಿತು.

ಮಂಡಿಯಲ್ಲಿ ವೆಂಕಟೇಶನ ಪೆಟ್ಟಿಗೆಗಳನ್ನೆಲ್ಲ ಇಳಿಸಿ ಆಗಿತ್ತು. ದಲ್ಲಾಳಿ ನಮ್ಮ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ತೂಗಿ ನೋಡುತ್ತಿದ್ದ.

"ಏನ್ಲಾ ವೆಂಕಟೇಶಾ, ಹಣ್ಣಾ ಗಾಳಿನಾ ತುಂಬಿರೋದು?"

"ಮುಟ್ಬೇಡಪ್ಪಾ, ಇಳಿಸು!" ನಾನು ಓಡಿದೆ. "ಅದು ನಮ್ದು!"

"ಏನಕ್ಕಾ ಐತೆ ಇದ್ರಲ್ಲಿ?"

ಸುತ್ತ ಇಪ್ಪತ್ತು ಜೋಡಿ ಕಣ್ಣು. ಮುನಿರತ್ನ ಹಣ್ಣಿನ ರಾಶಿಯ ಹಿಂದೆ ಕೈಯಲ್ಲೊಂದು ಹಣ್ಣು ಹಿಡಿದು ನಿಂತಿದ್ದಳು. ಅವಳ ಕಾಯಿಲೆ ಆ ಮಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಲಸಿಕೆ ಕಣಪ್ಪಾ" ಎಂದೆ.

"ಮಾವಿಗಾ?"

"ಮನುಷ್ಯರಿಗೆ."

ಅವನು ಎರಡು ಕೈಯಲ್ಲಿ, ದೇವರ ಪಟ ಕೊಡುವಂತೆ ಕೊಟ್ಟ. ನಾನು ಸುಳ್ಳು ಹೇಳಲಿಲ್ಲ. ಸ್ವಲ್ಪ ಮುಂಚೆ ಹೇಳಿದೆ, ಅಷ್ಟೇ.

ರಾತ್ರಿ ಊಟದ ಹೊತ್ತಿಗೆ ಮೇಘನಾ ಫೋನು ಮಾಡಿ "ಜೀವಂತ ಇವೆ, ಎಲ್ಲಾ ಜೀವಂತ ಇವೆ!" ಎಂದು ಕೂಗಿದಳು. ಆಮೇಲೆ ತಿಂಗಳುಗಳ ಕೆಲಸ. ಮುನಿರತ್ನಳ ರಕ್ತದಲ್ಲಿ ಸೋಂಕಿತ ಕಣಗಳನ್ನು ಹುಡುಕಿ ಕೊಲ್ಲುವ ಕಣಗಳು ಬಲು ಚುರುಕಾಗಿದ್ದವಂತೆ. ವೈರಸ್ಸು ವೇಷ ಬದಲಿಸಿದರೂ, ಬದಲಿಸಲಾಗದ ಒಂದು ಭಾಗವನ್ನೇ ಅವು ಗುರುತಿಟ್ಟು ಹಿಡಿಯುತ್ತಿದ್ದವಂತೆ. ಇಂಥವರ ರಕ್ತವನ್ನು ದೇಶ ದೇಶಗಳಲ್ಲಿ ನೋಡುತ್ತಿದ್ದಾರೆ. ಲಸಿಕೆ? ಇನ್ನೂ ಬಂದಿಲ್ಲ. ಎಲ್ಲೋ ಒಂದು ಪ್ರಯೋಗ ಬಿದ್ದುಹೋದ ಸುದ್ದಿ ಬಂದಾಗ ಮೇಘನಾ ನನಗೆ ಫೋನು ಮಾಡಿ ಬೈಯುತ್ತಾಳೆ, ವೈರಸ್ಸನ್ನು. ಕೊನೆಯಲ್ಲಿ ಮಾತ್ರ "ನಾಳೆ ಹೊಸ ಪ್ಲೇಟಲ್ಲಿ ಮತ್ತೆ ಪ್ರಯೋಗ ಶುರು ಮಾಡ್ತಿದೀನಿ" ಎನ್ನುತ್ತಾಳೆ. ಮಕ್ಕಳೇ, ಈ ಕೆಲಸದಲ್ಲಿ ಆ ಮಾತು ಹೇಳಬಲ್ಲವರ ಜೊತೆ ಸ್ನೇಹ ಇಟ್ಟುಕೊಳ್ಳಿ.

ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಮಗುವಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಇರುತ್ತವೆ, ಕಾರ್ಡಿನಲ್ಲಿ ಎರಡು ಗೆರೆ ಬಂದರೂ ಅದಕ್ಕೆ ಅರ್ಥವಿಲ್ಲ. ಹಾಗಾಗಿ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು, ಕಾಗದದ ಮೇಲೆ ಒಣಗಿಸಿ, ವೈರಸ್ಸಿದೆಯೇ ಎಂದು ನೋಡಲು ಬೆಂಗಳೂರಿಗೆ ಕಳಿಸುತ್ತಿದ್ದೆವು. ಪ್ರತಿ ಸಲವೂ ಇಲ್ಲ ಎಂದೇ ಬಂತು. ಆದರೂ ಕೊನೆಯ ತೀರ್ಮಾನ ಒಂದೂವರೆ ವರ್ಷಕ್ಕೆ, ನನ್ನ ಮೇಜಿನ ಮೇಲೆ. ಮುನಿರತ್ನ ಅಲ್ಲಿಯವರೆಗೆ ಮಗುವಿಗೆ ಹೊಸ ಬಟ್ಟೆ ಹೊಲಿಸಿರಲಿಲ್ಲ.

ಆ ದಿನ ಮಗು ನನ್ನ ಕೈಯನ್ನು ಕಚ್ಚಿತು. ಕಚ್ಚುವಷ್ಟು ಹಲ್ಲು ಬಂದದ್ದಕ್ಕೇ ನನಗೆ ಖುಷಿ. ಹನಿ ಹಾಕಿ, ಗಡಿಯಾರ ನೋಡುತ್ತ ಕೂತೆ. ಒಂದು ಗೆರೆ ಮೂಡಿತು. ಎರಡನೆಯದರ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಬೆಳ್ಳಗಿತ್ತು. ಡಾ. ಇನಾಯತ್ ಬಳಿಗೆ ಒಯ್ದೆ. ಇನ್ನೊಂದ್ಸಲ ಎನ್ನುವರೆಂದು ಕಾದೆ. ಅವರು ಕಾರ್ಡನ್ನು ನೋಡಿ, ನನ್ನನ್ನು ನೋಡಿ, "ಹೋಗಿ, ಹೇಳಿ" ಎಂದರು. ಫಲಿತಾಂಶ ಹೇಳುವುದು ಟೆಕ್ನಿಷಿಯನ್ನರ ಕೆಲಸವಲ್ಲ. ಅವತ್ತು ಅದನ್ನು ನನಗೆ ಕೊಟ್ಟರು.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಎದ್ದು ನಿಂತರು. ನಾನು ಹತ್ತಿರ ಹೋದೆ. ಒಂದು ಬೆರಳು ಎತ್ತಿದೆ.

"ಒಂದಾ? ಒಂದು ಅಂದ್ರೆ ಒಳ್ಳೇದಾ ಕೆಟ್ಟದ್ದಾ, ಮರ್ತೇಹೋಯ್ತು, ಬೇಗ ಹೇಳಕ್ಕಾ!" ಎಂದು ವೆಂಕಟೇಶ ಕುಣಿದಾಡಿದ.

"ಒಳ್ಳೇದು ಕಣೋ!"

ಮುನಿರತ್ನ ಅಳಲೂ ಇಲ್ಲ, ನಗಲೂ ಇಲ್ಲ. ಮಗುವಿನ ತಲೆಯನ್ನು ಮೂಸಿ ನೋಡಿದಳು. "ಕಾಯ್ಲೆ ಬಂದಿಲ್ಲ. ನನ್ ಶಕ್ತಿ? ಅದಾದ್ರೂ ಬಂದಿದೆಯಾ ಇವ್ಳಿಗೆ? ಹೆಂಗೆ ಗೊತ್ತಾಗುತ್ತೆ ಅಕ್ಕಾ?"

"ಗೊತ್ತಾಗೋದೇ ಬೇಡ ಕಣೇ. ಅದನ್ನ ಪರೀಕ್ಷೆ ಮಾಡೋ ಗತಿ ಇವಳಿಗೆ ಯಾವತ್ತೂ ಬರೋದು ಬೇಡ."

ಅವಳು ಮಗುವಿನ ಮುಖ ನೋಡಿದಳು. ಆಮೇಲೆ "ಹೌದಲ್ವಾ!" ಎಂದು ಮಗುವನ್ನು ಮೇಲಕ್ಕೆಸೆದು ಹಿಡಿದಳು, ಇನ್ನೊಮ್ಮೆ ಎಸೆದಳು. ಮಗು ಕೇಕೆ ಹಾಕಿತು. ನಾನು ಒಳಗೆ ಬಂದು ಹೊಸ ಕೈಗವಸು ಹಾಕಿಕೊಂಡು ಮುಂದಿನ ಟೋಕನ್ ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೆಂದರೆ, ರಕ್ತ ಕೊಡಲು ಬಂದ ಅಜ್ಜ ಬಾಗಿಲಲ್ಲೇ ನಿಂತು ಕೇಳಿದ: "ಯಾರಿಗಮ್ಮಾ ಮದ್ವೆ ಗೊತ್ತಾಗಿದ್ದು?"